ಮೀನಿಗೆ ಮೀಸೆ ಪಣ

ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಬದಲಿಸಿಕೊಂಡ ಮರುವರ್ಷ ಹೊಳಲ್ಕೆರೆಯ ಏಕಾಂತಪ್ಪನ ಮೀಸೆಗೆ ಗಂಡಾಂತರ ಬಂತು. ಈ ಎರಡು ಸಂಗತಿಗಳಿಗೂ ಸಂಬಂಧವೇನೂ ಇಲ್ಲ. ಆದರೆ ಅಂಥ ಮೀಸೆಯ ಚರಿತ್ರೆ ಹೇಳುವಾಗ ಇಸವಿ ತಪ್ಪಬಾರದು.

ಏಕಾಂತಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಎತ್ತರ, ಧ್ವನಿ, ಅಧಿಕಾರ ಯಾವುದರಲ್ಲೂ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ದೇವರು ಎಲ್ಲದರಲ್ಲೂ ಕೈ ಬಿಗಿಹಿಡಿದು, ಕೊನೆಗೆ ಮನಸ್ಸು ಕರಗಿ ಮೂಗಿನ ಕೆಳಗೆ ಮಾತ್ರ ಧಾರಾಳವಾಗಿ ಕೊಟ್ಟಿದ್ದ. ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ಮೀಸೆಯ ತುದಿಗಳನ್ನು ಹುರಿ ಮಾಡುವುದು ಅವನ ಪೂಜೆಯ ಒಂದು ಭಾಗವೇ ಆಗಿತ್ತು. ಆ ಹೊತ್ತಿನಲ್ಲಿ ಹೆಂಡತಿ ನಿಂಗಕ್ಕ ಒಲೆಯ ಮೇಲಿನ ಹಾಲು ನೋಡಿಕೊಳ್ಳಿ ಎಂದರೆ ಹಾಲು ಉಕ್ಕುತ್ತಿತ್ತು, ಮೀಸೆ ಮಾತ್ರ ಅಲ್ಲಾಡುತ್ತಿರಲಿಲ್ಲ.

ಗಂಡಾಂತರ ಶುರುವಾದದ್ದು ಹೊಸದುರ್ಗದಲ್ಲಿ, ಒಂದು ಮದುವೆಯ ಊಟದ ನಂತರ. ಎಲೆ ಅಡಿಕೆ ಹಾಕಿಕೊಂಡು ಕೂತ ನೆಂಟರೆಲ್ಲ ನಿಂಗಕ್ಕನ ತಮ್ಮ ನಾಗರಾಜಪ್ಪನ ಸುತ್ತ ಸೇರಿದ್ದರು. ಕಾರವಾರದಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ನಾಗರಾಜಪ್ಪ ಸಮುದ್ರದ ವಿಷಯ ಹೇಳುತ್ತಿದ್ದ. ಅಲೆ, ಹಡಗು ಮುಗಿದು ಮೀನಿಗೆ ಬಂದ. ಅಲ್ಲಿಯ ದೊಡ್ಡ ಸಾಹೇಬರ ಬಂಗಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಸಮುದ್ರದ ಮೀನು ಸಾಕುತ್ತಾರಂತೆ, ಅದಕ್ಕೆ ಬಣ್ಣ ಬಣ್ಣದ ಪಟ್ಟೆ ಇರುತ್ತದಂತೆ, ಆದರೆ ಅದನ್ನು ಉಳಿಸಿಕೊಳ್ಳುವುದು ಎಲ್ಲರ ಕೈಲಾಗುವ ಕೆಲಸವಲ್ಲವಂತೆ. ಮೀನು ಎಂಬ ಪದವನ್ನು ಪಂಚಾಂಗದ ಮೀನರಾಶಿಯಲ್ಲಿ ಬಿಟ್ಟರೆ ಬೇರೆಲ್ಲೂ ಕೇಳದ ನೆಂಟರು ಬಾಯಿ ತೆರೆದು ಕೇಳುತ್ತಿದ್ದರು. ತನಗಿಂತ ಚಿಕ್ಕವನಾದ ಭಾವಮೈದನ ಎದುರು ಅಷ್ಟೊಂದು ಬಾಯಿಗಳು ತೆರೆದದ್ದನ್ನು ಏಕಾಂತಪ್ಪನಿಗೆ ನೋಡಲಾಗಲಿಲ್ಲ.

"ಅದೇನ್ ದೊಡ್ಡ ವಿದ್ಯೆ ನಾಗರಾಜ? ಒಂದು ಮೀನು ತಂದ್ಕೊಡು, ನಮ್ಮನೇಲಿ ಸಾಕಿ ತೋರಿಸ್ತೀನಿ" ಎಂದ.

"ಅದಕ್ಕೆ ಉಪ್ಪು ನೀರು ಬೇಕು ಭಾವ" ಎಂದ ನಾಗರಾಜಪ್ಪ.

"ಉಪ್ಪು ನೀರಿಗೆ ನಮ್ಮ ಹೊಳಲ್ಕೆರೆಲಿ ಬರವೇನಪ್ಪ? ನಮ್ಮ ಬೀದೀಲಿ ಒಂದು ಬಾವಿ ಬಿಟ್ರೆ ಎಲ್ಲಾ ಉಪ್ಪು ನೀರೇ."

ನಾಗರಾಜಪ್ಪ ಬಿದ್ದು ಬಿದ್ದು ನಕ್ಕ. ಅವನು ನಕ್ಕಿದ್ದರಿಂದ ನೆಂಟರೂ ನಕ್ಕರು. ಏಕಾಂತಪ್ಪ ಎದ್ದು ನಿಂತು ಮೀಸೆಯ ಮೇಲೆ ಕೈಯಿಟ್ಟ. ಯುಗಾದಿಯವರೆಗೆ ಆ ಮೀನು ಬದುಕದಿದ್ದರೆ ಈ ಮೀಸೆ ಬೋಳಿಸುವುದಾಗಿ ಸಾರಿದ. ನಾಗರಾಜಪ್ಪನಿಗೂ ಸುಮಾರಾದ ಒಂದು ಮೀಸೆ ಇತ್ತು. ಮೀನು ಬದುಕಿದರೆ ಭಾವನ ಮನೆಯ ಜಗಲಿಯ ಮೇಲೆಯೇ ತನ್ನದನ್ನು ಬೋಳಿಸುವುದಾಗಿ ಅವನೂ ಹೇಳಿದ. ಹೀಗೆ ಒಂದು ಮೀನಿಗೆ ಎರಡು ಮೀಸೆ ಪಣಕ್ಕೆ ಬಿದ್ದವು. ನಿಂಗಕ್ಕ ಕಂಬದ ಹಿಂದೆ ನಿಂತು ಹಣೆ ಹಣೆ ಚಚ್ಚಿಕೊಂಡಳು.

ನಾಗರಾಜಪ್ಪ ಮಾತಿಗೆ ತಪ್ಪಲಿಲ್ಲ. ಸಂಕ್ರಾಂತಿ ಕಳೆಯುತ್ತಲೇ ಎರಡು ಬಸ್ಸು ಬದಲಿಸಿ, ಹಾಲಿನ ಕ್ಯಾನಿನಲ್ಲಿ ಸಮುದ್ರದ ನೀರು, ನೀರಿನಲ್ಲಿ ಮೀನು, ಗೋಣಿಯಲ್ಲಿ ಸುತ್ತಿದ ಗಾಜಿನ ಪೆಟ್ಟಿಗೆ, ಎಲ್ಲವನ್ನೂ ಹೊತ್ತು ತಂದ. ಮೀನು ಅಂಗೈಯಗಲ ಇತ್ತು. ಹಳದಿ ಮೈ, ಕಪ್ಪು ಪಟ್ಟೆ. ಕಚೇರಿಯ ಮೇಲಧಿಕಾರಿಯ ಹಾಗೆ ಸದಾ ಬಾಯಿ ತೆರೆದು ಮುಚ್ಚುತ್ತಿತ್ತೇ ಹೊರತು ಏನೂ ಹೇಳುತ್ತಿರಲಿಲ್ಲ. ನಡುಮನೆಗೆ ಬರಕೂಡದೆಂದು ನಿಂಗಕ್ಕ ಗಟ್ಟಿಯಾಗಿ ಹೇಳಿದ್ದರಿಂದ ಅದನ್ನು ಜಗಲಿಯ ಮೂಲೆಯಲ್ಲಿ ಸ್ಥಾಪಿಸಲಾಯಿತು.

ಹೊರಡುವ ಮುಂಚೆ ನಾಗರಾಜಪ್ಪ ಪಾಠ ಹೇಳಿಕೊಟ್ಟ. ತಿನ್ನಲು ಚೂರೇ ಚೂರು ಹಾಕಬೇಕು, ಉಳಿದರೆ ಕೊಳೆತು ನೀರು ಕೆಡುತ್ತದೆ. ವಾರಕ್ಕೊಮ್ಮೆ ಸ್ವಲ್ಪ ಹಳೆ ನೀರು ತೆಗೆದು ಹೊಸ ಉಪ್ಪು ನೀರು ಹಾಕಬೇಕು. ಆ ನೀರಿನ ಹದ ನೋಡಲು ಒಂದು ಗಾಜಿನ ಕಡ್ಡಿ ಕೊಟ್ಟ. ಹಾಲಿಗೆ ನೀರು ಬೆರೆಸಿದ್ದನ್ನು ಪತ್ತೆ ಹಚ್ಚಲು ಬಳಸುತ್ತಾರಲ್ಲ, ಅದೇ ಲ್ಯಾಕ್ಟೋಮೀಟರು. ಸಮುದ್ರದ ನೀರಿನಲ್ಲಿ ಅದು ಎಲ್ಲಿಯವರೆಗೆ ಮುಳುಗುತ್ತದೋ ಅಲ್ಲಿಗೆ ಕೆಂಪು ಗೀಟು ಎಳೆದಿದ್ದ. "ಗೀಟು ನೀರಿನ ಮಟ್ಟಕ್ಕೆ ನಿಂತ್ರೆ ಮೀನು ಉಳೀತು ಭಾವ. ಗೀಟು ಮುಳುಗಿದ್ರೆ ನಿಮ್ಮ ಮೀಸೆ ಮುಳುಗ್ತು" ಎಂದು ಹೇಳಿ ಬಸ್ಸು ಹತ್ತಿದ.

ಏಕಾಂತಪ್ಪ ಪಾಠವನ್ನು ಶ್ರದ್ಧೆಯಿಂದ ಕೇಳಿ ಶ್ರದ್ಧೆಯಿಂದ ಮರೆತ. ಮನೆಗೆ ಬಂದ ಅತಿಥಿಯನ್ನು ಉಪವಾಸ ಕೆಡವುವ ವಂಶ ಅವನದಲ್ಲ. ಬೆಳಿಗ್ಗೆ ಒಂದು ಹಿಡಿ ಮಂಡಕ್ಕಿ, ಮಧ್ಯಾಹ್ನ ಅನ್ನದ ಅಗುಳು, ಸಂಜೆ ಕಚೇರಿಯಿಂದ ಬಂದಮೇಲೆ ಒಗ್ಗರಣೆ ಹಾಕಿದ ಮಂಡಕ್ಕಿ. ಮೀನು ತಿಂದಷ್ಟು ತಿಂದು ಉಳಿದದ್ದನ್ನು ತಳಕ್ಕೆ ಬಿಟ್ಟಿತು. ವಾರದೊಳಗೆ ನೀರು ಗಂಜಿಯಾಯಿತು. ಜಗಲಿಯಿಂದ ಹೊರಟ ವಾಸನೆ ಬೀದಿಗಿಳಿದು ಎದುರಿನ ಕಿರಾಣಿ ಅಂಗಡಿಯ ಮೂಡಲಗಿರಿಯಪ್ಪನ ಮೂಗನ್ನು ಸೇರಿತು.

ಮೂಡಲಗಿರಿಯಪ್ಪ ಬೀದಿಗೆ ಹಿರಿಯ. ಬೀದಿಯ ಏಕೈಕ ಸಿಹಿ ನೀರಿನ ಬಾವಿ ಅವನ ಹಿತ್ತಲಲ್ಲಿತ್ತು. ಬಂದವರಿಗೆಲ್ಲ ಒಂದು ಚೊಂಬು ಕುಡಿಸಿ, ಅವರು ಹೊಗಳುವವರೆಗೂ ಮುಖ ನೋಡುತ್ತಾ ನಿಲ್ಲುವುದು ಅವನ ಅಭ್ಯಾಸ. ಏಕಾಂತಪ್ಪನ ಮನೆಯಲ್ಲಿ ಮೀನನ್ನು ಸಾಕುತ್ತಿರುವುದು ನೋಡಲಿಕ್ಕಲ್ಲ, ಬಲಿಸಿ ಬೇರೆ ಏನನ್ನೋ ಮಾಡಲಿಕ್ಕೆ ಎಂದು ಅವನು ಗಿರಾಕಿಗಳಿಗೆ ಬೆಲ್ಲದ ಜತೆ ಕಟ್ಟಿಕೊಟ್ಟ. ನಿಂಗಕ್ಕ ನೀರಿಗೆ ಹೋದಲ್ಲೆಲ್ಲ ಹೆಂಗಸರು ಅವಳ ಸೆರಗಿನ ವಾಸನೆ ನೋಡತೊಡಗಿದರು. ಇನ್ನು ಮೀನಿನ ಮಾತು ಬೀದಿಯಲ್ಲಿ ಎತ್ತಿದರೆ ತವರಿಗೆ ಹೋಗುತ್ತೇನೆಂದು ಅವಳು ಗಂಡನಿಗೆ ಎಚ್ಚರಿಕೆ ಕೊಟ್ಟಳು.

ಏಕಾಂತಪ್ಪ ಕೊಳೆತ ನೀರು ಚೆಲ್ಲಿ, ಹಿತ್ತಲ ಬಾವಿಯಿಂದ ಉಪ್ಪು ನೀರು ಸೇದಿ ತುಂಬಿಸಿದ. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಉಪ್ಪು ನೀರೆಂದರೆ ಬೇಳೆ ಬೇಯದ, ಬಟ್ಟೆ ಬಿಳುಪಾಗದ, ಬಾಯಿಗೆ ಒಂಥರಾ ಗಡುಸಾದ ಬಾವಿ ನೀರು. ಸಿಹಿ ನೀರೆಂದರೆ ಕುಡಿಯುವ ನೀರು. ಅದರಲ್ಲಿ ಸಕ್ಕರೆ ಇಲ್ಲ, ಇದರಲ್ಲಿ ಉಪ್ಪೂ ಅಷ್ಟರಲ್ಲೇ ಇದೆ. ಆದರೆ ಸಮುದ್ರವನ್ನೇ ಕಾಣದ ಏಕಾಂತಪ್ಪನಿಗೆ ಹುಟ್ಟಿದಾಗಿನಿಂದ ಗೊತ್ತಿದ್ದದ್ದು ಇದೊಂದೇ ಉಪ್ಪು ನೀರು. ಕಡ್ಡಿ ಬಿಟ್ಟು ನೋಡಿದ. ಕೆಂಪು ಗೀಟು ಬುಳಕ್ಕನೆ ಮುಳುಗಿತು. ಸಂಜೆಯ ಹೊತ್ತಿಗೆ ಮೀನು ಒಂದು ಪಕ್ಕಕ್ಕೆ ವಾಲಿಕೊಂಡು, ತನ್ನ ಮೇಲೆ ಇಷ್ಟೊಂದು ಕೂದಲು ನಂಬಿಕೊಂಡಿದೆಯೆಂಬ ಅರಿವೇ ಇಲ್ಲದೆ ತೇಲತೊಡಗಿತು.

ಹಾಲಿನ ಕ್ಯಾನಿನ ತಳದಲ್ಲಿ ಉಳಿದಿದ್ದ ಸಮುದ್ರದ ನೀರಿಗೆ ಎತ್ತಿ ಹಾಕಿದ ಮೇಲೆ ಅದರ ಜೀವವೇನೋ ನಿಂತಿತು, ವಾಲುವುದು ನಿಲ್ಲಲಿಲ್ಲ. ತಮ್ಮ ಬಾವಿಯ ಉಪ್ಪು ಸಾಲದು, ಇದಕ್ಕಿಂತ ಉಪ್ಪಾದ ಬಾವಿ ಹುಡುಕಬೇಕು ಎಂದು ಏಕಾಂತಪ್ಪ ತೀರ್ಮಾನಿಸಿದ. ಮರುದಿನದಿಂದ ಕಚೇರಿ ಬಿಟ್ಟವನೇ ಚೊಂಬು, ಹಗ್ಗ, ಗಾಜಿನ ಕಡ್ಡಿ ಹಿಡಿದು ಮನೆ ಮನೆಯ ಹಿತ್ತಲಿಗೆ ಹೊರಟ. ಸೇದುವುದು, ಕಡ್ಡಿ ಬಿಡುವುದು, ಬಗ್ಗಿ ನೋಡುವುದು, ಒಂದು ಗುಟುಕು ಬಾಯಿಗೆ ಹಾಕಿ ಮುಕ್ಕಳಿಸಿ ಉಗಿಯುವುದು, ತಲೆ ಆಡಿಸಿ ನಿಟ್ಟುಸಿರು ಬಿಡುವುದು. ಮನೆಯವರು ಗಾಬರಿಯಾಗಿ ಏನೆಂದು ಕೇಳಿದರೆ ನಿಮ್ಮ ನೀರಿನಲ್ಲಿ ಹುರುಳಿಲ್ಲ ಎನ್ನುತ್ತಿದ್ದ. ಕೊನೆಗೆ, ಎಲ್ಲವನ್ನೂ ನೋಡಿದ ಮೇಲೆ ಇದೊಂದನ್ನು ಬಿಡುವುದೇಕೆಂದು ಮೂಡಲಗಿರಿಯಪ್ಪನ ಬಾವಿಗೂ ಹೋದ. ಮೂಡಲಗಿರಿಯಪ್ಪ ಹೊಗಳಿಕೆಗಾಗಿ ಮುಖ ಮುಂದೆ ಮಾಡಿ ನಿಂತ.

"ಬಾಳ ಕೆಟ್ಟ ನೀರು ಮೂಡಲಗಿರಿಯಪ್ಪನೋರೆ" ಎಂದ ಏಕಾಂತಪ್ಪ ದುಃಖದಿಂದ. "ಇಡೀ ಬೀದೀಲಿ ಇಷ್ಟು ಸಿಹಿ ನೀರು ಎಲ್ಲೂ ನೋಡ್ಲಿಲ್ಲ."

ಮೂಡಲಗಿರಿಯಪ್ಪ ಅಂದು ರಾತ್ರಿ ಊಟ ಮಾಡಲಿಲ್ಲವೆಂದು ಆಮೇಲೆ ತಿಳಿಯಿತು.

ಬೀದಿಯ ಕೊನೆಗೆ ಗೊಲ್ಲರ ಹಟ್ಟಿ. ಅಲ್ಲಿಂದ ಮೊಸರು ಮಾರಲು ಬರುತ್ತಿದ್ದ ಮುದ್ದಕ್ಕನ ಕಣ್ಣಿಗೆ ಬೀಳದ ಸಂಗತಿ ಆ ಬೀದಿಯಲ್ಲಿ ಇರಲಿಲ್ಲ. ಅವಳು ಏಕಾಂತಪ್ಪನನ್ನು ದಾರಿಯಲ್ಲೇ ತಡೆದು, ಅಣ್ಣ, ಈ ಕಡ್ಡಿ ಯಾತಕ್ಕೆ ಎಂದು ಕೇಳಿದಳು. ಮೀನಿಗೆ ಎನ್ನುವಂತಿರಲಿಲ್ಲ, ನಿಂಗಕ್ಕ ತವರಿಗೆ ಹೋಗುತ್ತಾಳೆ. ಏಕಾಂತಪ್ಪ ಮೀಸೆ ತಿರುವಿ ಸುತ್ತ ನೋಡಿದ.

"ಅದು ಸರ್ಕಾರಿ ವಿಷ್ಯ ಕಣಕ್ಕ. ಎಲ್ಲಿ ಬಾಳ ಉಪ್ಪು ನೀರೈತೆ ಅಂತ ನೋಡ್ತಾ ಇದೀನಿ. ಹೆಚ್ಚಿಗೆ ಕೇಳಬ್ಯಾಡ" ಎಂದು ಹೇಳಿ ಹೋದ.

ಹೆಚ್ಚಿಗೆ ಕೇಳುವ ಅಗತ್ಯ ಮುದ್ದಕ್ಕನಿಗೆ ಇರಲಿಲ್ಲ. ಊರಿಗೆ ನಲ್ಲಿ ಹಾಕುತ್ತಾರೆ, ಮೊದಲು ಒಂದೇ ಒಂದು ಬೀದಿಗೆ ಹಾಕುತ್ತಾರೆ ಎಂಬ ಸುದ್ದಿ ಆಗಲೇ ಹರಡಿತ್ತು. ಸರ್ಕಾರಿ ಗುಮಾಸ್ತ ಗಾಜಿನ ಕಡ್ಡಿ ಹಿಡಿದು ಉಪ್ಪು ನೀರು ಹುಡುಕುತ್ತಿದ್ದಾನೆಂದರೆ ಎಲ್ಲಿ ಉಪ್ಪು ಜಾಸ್ತಿಯೋ ಅಲ್ಲಿಗೇ ನಲ್ಲಿ ಎಂದೇ ಅರ್ಥ. ದೀಪ ಹಚ್ಚುವುದರೊಳಗೆ ಈ ಅರ್ಥ ಮನೆ ಮನೆಗೂ ತಲುಪಿತು. ನಮ್ಮ ಬಾವಿಯದು ಅಂಥ ಉಪ್ಪೇನಲ್ಲ ಎಂದು ಇಷ್ಟು ವರ್ಷ ಜಗಳವಾಡುತ್ತಿದ್ದ ಹೆಂಗಸರು ಒಮ್ಮೆಲೇ ದನಿ ಬದಲಿಸಿದರು.

ಬೆಳಗಾಗುತ್ತಲೇ ಮುದ್ದಕ್ಕ ಒಂದು ಕೊಡ ನೀರು ಹೊತ್ತು ತಂದು ಏಕಾಂತಪ್ಪನ ಜಗಲಿಯ ಮೇಲಿಟ್ಟಳು. ಅವಳ ಹಿಂದೆ ಎರಡು ಕುರಿ ಕೊಡವನ್ನು ಮೂಸುತ್ತಾ ಬಂದಿದ್ದವು. ಕುರಿಗಳಿಗೆಂದು ಮನೆಯಲ್ಲಿ ಕೂಡಿಟ್ಟ ಹರಳುಪ್ಪಿನ ಗಡಿಗೆ ಆ ಬೆಳಿಗ್ಗೆ ಹಗುರಾಗಿದ್ದುದನ್ನು ಕುರಿಗಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಏಕಾಂತಪ್ಪ ಉತ್ಸಾಹವಿಲ್ಲದೆ ಕಡ್ಡಿ ಬಿಟ್ಟ. ಕಡ್ಡಿ ಮುಳುಗಲಿಲ್ಲ. ಕೆಂಪು ಗೀಟು ನೀರಿನ ಮೇಲೆ ಎದ್ದು ನಿಂತು ಸೂರ್ಯನನ್ನು ನೋಡಿತು.

"ಇದು ಎಲ್ಲೀ ನೀರು ಮುದ್ದಕ್ಕ?"

"ನಮ್ಮ ಹಟ್ಟಿ ಬಾವೀದಣ್ಣ. ಮಕ್ಳು ಮರಿ ಎಲ್ಲಾ ಇದನ್ನೇ ಕುಡಿದು ಒದ್ದಾಡ್ತಾ ಅವೆ" ಎಂದು ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಒದ್ದಾಡೋದಾ? ಬಂಗಾರದಂಥ ನೀರು ಕಣಕ್ಕ ಇದು" ಎಂದ ಏಕಾಂತಪ್ಪ. ಅವನ ಕಣ್ಣಲ್ಲೂ ನೀರು ಬಂದಿತ್ತು. ಅವಳು ಅತ್ತ ಹೋದದ್ದೇ ತಡ, ಬಾವಿ ನೀರು ಬೆರೆಸಿ ಗೀಟಿಗೆ ಸರಿಯಾಗಿ ಹದ ಮಾಡಿ ಪೆಟ್ಟಿಗೆಗೆ ಸುರಿದು ಮೀನನ್ನು ಅದಕ್ಕೆ ಬಿಟ್ಟ. ಮಧ್ಯಾಹ್ನಕ್ಕೆ ಮೀನು ನೆಟ್ಟಗಾಯಿತು, ಸಂಜೆಗೆ ಈಜಿತು, ಮರುದಿನ ಅವನ ಬೆರಳನ್ನು ನೋಡಿ ಬಾಯಿ ತೆರೆಯಿತು. ಈ ಸಲ ಅವನು ಬುದ್ಧಿವಂತನಾಗಿ ಎರಡೇ ಕಾಳು ಮಂಡಕ್ಕಿ ಹಾಕಿದ.

ಮುಂದೆ ಜಗಲಿಯ ಮುಂದೆ ಸಾಲು ನಿಂತಿತು. ಕೊಡ, ಬಿಂದಿಗೆ, ತಪ್ಪಲೆ, ಒಬ್ಬಾಕೆಯಂತೂ ದೇವರ ಮನೆಯ ಗಿಂಡಿಯಲ್ಲೇ ತಂದಿದ್ದಳು. ತಮ್ಮ ಬಾವಿಯಷ್ಟು ಕೆಟ್ಟ ಬಾವಿ ಮೂರು ತಾಲ್ಲೂಕಿನಲ್ಲಿ ಇಲ್ಲವೆಂದು ಒಬ್ಬರ ಮೇಲೊಬ್ಬರು ವಾದಿಸಿದರು. ಒಬ್ಬಾಕೆ ಆತುರದಲ್ಲಿ ಕಲಕುವುದನ್ನು ಮರೆತಿದ್ದಳು, ಕೊಡದ ತಳದಲ್ಲಿ ಉಪ್ಪು ಗರಗರ ಸದ್ದು ಮಾಡಿತು. ಅದು ನಮ್ಮ ಬಾವಿಯ ಮರಳು ಎಂದಳು. ಏಕಾಂತಪ್ಪ ನಂಬಿದ. ಅವನು ಒಳ್ಳೆಯ ಬಾವಿ, ಉತ್ತಮ ಬಾವಿ, ಅತ್ಯುತ್ತಮ ಬಾವಿ ಎಂದು ಹೊಗಳುತ್ತಾ ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ಮೋರಿಗೆ ಚೆಲ್ಲಿದ. ಆ ಮೋರಿಯನ್ನು ಬಿಟ್ಟು ಮುದ್ದಕ್ಕನ ಕುರಿಗಳು ಕದಲುತ್ತಿರಲಿಲ್ಲ.

ಮೂಡಲಗಿರಿಯಪ್ಪನ ಅಂಗಡಿಯಲ್ಲಿ ಉಪ್ಪು ಈ ಪರಿ ಖರ್ಚಾಗುವುದನ್ನು ಕಂಡು ಅವನಿಗೆ ವಿಷಯ ಹೊಳೆಯಲು ಹೊತ್ತು ಹಿಡಿಯಲಿಲ್ಲ. ಅವನ ಸಂಕಟ ಮಾತ್ರ ಯಾರಿಗೂ ಬೇಡ. ಬೀದಿಗೆಲ್ಲ ನಲ್ಲಿ ಬಂದು, ಸಿಹಿ ನೀರು ಇದೆಯೆಂಬ ಕಾರಣಕ್ಕೆ ತನ್ನ ಮನೆಯೊಂದನ್ನು ಬಿಟ್ಟು ಪೈಪು ಮುಂದೆ ಹೋದರೆ? ಅತ್ತ ಬಾವಿಯ ಮಾನ, ಇತ್ತ ನಲ್ಲಿ. ಯುಗಾದಿಯ ಹಿಂದಿನ ದಿನ ಜಿಲ್ಲಾ ಕೇಂದ್ರವಾದ ದುರ್ಗದಿಂದ ಇಂಜಿನಿಯರು ಬರುತ್ತಾರೆಂದು ನಿಶ್ಚಯವಾದಾಗ ಅವನು ಮನಸ್ಸು ಗಟ್ಟಿ ಮಾಡಿದ. ಸುದ್ದಿ ಬಂದ ಮಧ್ಯಾಹ್ನವೇ ಬೀದಿಯೆಲ್ಲ ಉಂಡು ಮಲಗಿದ್ದಾಗ ಅಂಗಡಿಯಲ್ಲಿ ಉಳಿದಿದ್ದ ಉಪ್ಪಿನ ಚೀಲಗಳನ್ನು ತಾನೇ ಎಳೆದು ತಂದು, ಒಮ್ಮೆ ಕೈ ಮುಗಿದು, ತನ್ನ ಬಾವಿಗೆ ಸುರಿದ.

ಯುಗಾದಿಯ ಹಿಂದಿನ ಆ ದಿನ ಬಂತು, ಪಣದ ಗಡುವೂ ಅಂದೇ. ಏಕಾಂತಪ್ಪ ಬೆಳಿಗ್ಗೆಯೇ ಕ್ಷೌರದ ಅಂಗಡಿಯವನನ್ನು ಕರೆತಂದು ಜಗಲಿಯ ಮೇಲೆ ಕೂರಿಸಿದ್ದ. ಹೊಸ ಸೋಪು, ಮಸೆದ ಕತ್ತಿ ಸಿದ್ಧವಾಗಿದ್ದವು. ನಾಗರಾಜಪ್ಪ ಬಸ್ಸಿಳಿದು ನಗುತ್ತಾ ಬಂದವನು ಗಾಜಿನ ಪೆಟ್ಟಿಗೆ ನೋಡಿ ನಿಂತುಬಿಟ್ಟ. ನೀರು ತಿಳಿಯಾಗಿತ್ತು. ಮೀನು ಸುತ್ತು ಹಾಕುತ್ತಿತ್ತು, ಸ್ವಲ್ಪ ದಪ್ಪವೂ ಆಗಿತ್ತು. ಅವನು ಕಡ್ಡಿ ತೆಗೆದುಕೊಂಡು ನೀರಿಗೆ ಬಿಟ್ಟ. ಕೆಂಪು ಗೀಟು ಕೂದಲೆಳೆಯಷ್ಟೂ ಅತ್ತಿತ್ತ ಆಗದೆ ನಿಂತಿತು.

"ಇಂಥ ನೀರು ನಿಮ್ಗೆ ಎಲ್ಲಿ ಸಿಕ್ತು ಭಾವ?"

"ಎಲ್ಲಾ ನಮ್ಮ ಬೀದೀದೇ ಕಣಪ್ಪ. ಅವತ್ತೇ ಹೇಳಿರ್ಲಿಲ್ವಾ? ಕುಂತ್ಕ" ಎಂದು ಏಕಾಂತಪ್ಪ ಮಣೆ ತೋರಿಸಿದ.

ನಾಗರಾಜಪ್ಪ ಮೀಸೆಯನ್ನು ಕೊನೆಯ ಸಲ ಸವರಿಕೊಂಡು ಕೂತ. ಅಷ್ಟರಲ್ಲಿ ಇಂಜಿನಿಯರ ಜೀಪು ಬೀದಿಗೆ ತಿರುಗಿತು. ಬೀದಿಗೆ ಬೀದಿಯೇ ಜೀಪನ್ನು ಸುತ್ತುವರಿದು, ನೀರು ಪರೀಕ್ಷೆ ಮಾಡಿದ ಸಾಹೇಬರು ಇವರೇ ಎಂದು ಏಕಾಂತಪ್ಪನನ್ನು ಮುಂದೆ ತಳ್ಳಿತು. ಇಂಜಿನಿಯರು ಅವನನ್ನು ನೋಡಿದರು, ಮೀಸೆ ನೋಡಿದರು, ಕೈಲಿದ್ದ ಕಡ್ಡಿ ನೋಡಿದರು.

"ಇದು ಹಾಲು ನೋಡೋ ಕಡ್ಡಿ ಅಲ್ವೇನ್ರಿ? ಯಾವ ಇಲಾಖೆ ನಿಮ್ದು?"

ಏಕಾಂತಪ್ಪನಿಗೆ ಅಧಿಕಾರಿಗಳ ಮುಂದೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಇದು ಮೀನಿಗೆ ಸ್ವಾಮಿ" ಎಂದ ತಗ್ಗಿದ ದನಿಯಲ್ಲಿ, ಗಾಜಿನ ಪೆಟ್ಟಿಗೆಯತ್ತ ಕೈ ತೋರಿಸುತ್ತಾ. "ಮೀನಿಗೆ ಉಪ್ಪು ನೀರು ಬೇಕಾಗಿತ್ತು, ಅದಕ್ಕೆ ಹುಡುಕ್ತಿದ್ದೆ."

ಎಲ್ಲರ ಕಣ್ಣ ಮುಂದೆಯೂ ತಾವು ಸುರಿದ ಉಪ್ಪು ಹಾದುಹೋಯಿತು. ಬೈಯಬೇಕೆಂದರೆ ಬಾಯಿ ಬಿಡುವಂತಿಲ್ಲ, ಬಾಯಿ ಬಿಟ್ಟರೆ ಉಪ್ಪಿನ ಗುಟ್ಟು ಇಂಜಿನಿಯರ ಮುಂದೆಯೇ ಹೊರಬೀಳುತ್ತದೆ. ಮೂಡಲಗಿರಿಯಪ್ಪನ ಮುಖ ಕೆಂಪಾಗಿ, ಕಪ್ಪಾಗಿ, ಕೊನೆಗೆ ಬಣ್ಣವೇ ಇಲ್ಲದಂತಾಯಿತು.

ಮನೆ ಮನೆಯವರು ತಂದುಕೊಟ್ಟ ಚೊಂಬುಗಳಿಂದೆಲ್ಲ ಇಂಜಿನಿಯರು ರುಚಿ ನೋಡಿ ಮುಖ ಹುಳ್ಳಗೆ ಮಾಡಿದರು. ಆದರೂ ನಾಲಿಗೆಯ ಮಾತನ್ನು ಕಾಗದದ ಮೇಲೆ ಬರೆಯಲಾಗುವುದಿಲ್ಲ, ಮೇಲಿನವರು ಒಪ್ಪುವುದಿಲ್ಲ ಎಂದರು. ಅಷ್ಟು ಹೇಳಿ ಜೀಪಿನ ಕಡೆ ತಿರುಗುವಷ್ಟರಲ್ಲಿ ಜಗಲಿಯಿಂದ ಕ್ಷೌರದವನ ಗೊಣಗಾಟ ಕೇಳಿಸಿತು. ಅವನು ನಾಗರಾಜಪ್ಪನ ತುಟಿಯ ಮೇಲೆ ಸೋಪು ಉಜ್ಜುತ್ತಲೇ ಇದ್ದ. ನೊರೆ ಬರಲಿಲ್ಲ. ಮೀಸೆಯ ತುಂಬ ಒಡೆದ ಹಾಲಿನಂಥ ಗರಣೆ ಮೆತ್ತಿಕೊಂಡಿತ್ತು. ಬೇರೆ ನೀರು ತರಿಸಿದ. ಅದೂ ಹಾಗೆಯೇ. ಪಕ್ಕದ ಮನೆ, ಅದರಾಚೆಯ ಮನೆ, ಹಟ್ಟಿಯ ಬಾವಿ, ಎಲ್ಲೆಲ್ಲಿಂದ ತಂದರೂ ಸೋಪು ಸೋಲುತ್ತಿತ್ತು.

"ಮೂಡಲಗಿರಿಯಪ್ಪನೋರ ಬಾವೀದು ತನ್ನಿ, ಅದು ಸಿಹಿ ನೀರು" ಎಂದು ಏಕಾಂತಪ್ಪನೇ ಕೂಗಿದ. ಮೂಡಲಗಿರಿಯಪ್ಪ ಬೇಡ ಬೇಡವೆಂದು ಅಡ್ಡ ನಿಂತರೂ ಯಾರೋ ಹೋಗಿ ಸೇದಿ ತಂದರು. ಬಾವಿ ಕಟ್ಟೆಯ ಸುತ್ತ ಮುದ್ದಕ್ಕನ ಕುರಿಗಳೆಲ್ಲ ನಿಂತು ಕಲ್ಲು ನೆಕ್ಕುತ್ತಿದ್ದವು. ಆ ಕುರಿಗಳಿಗೇನಾಗಿದೆ ಎಂದು ಇಂಜಿನಿಯರು ಕೇಳಿದರು. ಪಾಪ, ಇಲ್ಲಿಯ ನೀರು ಕುಡಿದು ಹಂಗಾಗ್ಯಾವೆ ಸ್ವಾಮಿ, ಎಂದಳು ಮುದ್ದಕ್ಕ. ಹೆಸರಾದ ಆ ಸಿಹಿ ನೀರಿನಲ್ಲೂ ಒಂದು ಗುಳ್ಳೆ ಏಳಲಿಲ್ಲ.

ಕ್ಷೌರದವನು ಕತ್ತಿ ಮಡಿಸಿದ. "ನೊರೆ ಇಲ್ದೆ ಕತ್ತಿ ಹಾಕಿದ್ರೆ ಮೀಸೆ ಜತೆ ತುಟೀನೂ ಬರ್ತೈತೆ. ನನ್ ಕೈಲಾಗಲ್ಲ."

ಇಂಜಿನಿಯರು ಅದನ್ನೇ ಬರೆದುಕೊಂಡರು. ಸೋಪಿಗೆ ನೊರೆ ಬಾರದ ನೀರು, ಹೊಸ ಸೋಪು, ಸಾಕ್ಷಿಗೆ ಊರಿನವರಲ್ಲದ ಒಬ್ಬ ಸರ್ಕಾರಿ ನೌಕರನ ಮೀಸೆ. ಇದಕ್ಕಿಂತ ಬಲವಾದ ಪುರಾವೆ ತಾವು ಎಲ್ಲೂ ನೋಡಿಲ್ಲ, ಮೊದಲ ನಲ್ಲಿ ಈ ಬೀದಿಗೇ ಎಂದು ಹೇಳಿ ಜೀಪು ಹತ್ತಿದರು.

ಜೀಪು ಧೂಳೆಬ್ಬಿಸಿ ಹೋಯಿತು. ಆಮೇಲೆ ಬೀದಿಗೆ ಬೀದಿಯೇ ಏಕಾಂತಪ್ಪನ ಕಡೆ ತಿರುಗಿತು. ಅವನನ್ನು ಬೈಯಬೇಕೋ ಹೊರಬೇಕೋ ಎಂದು ಗೊತ್ತಾಗದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮೂಡಲಗಿರಿಯಪ್ಪನೇ ಬಾಯಿ ಬಿಟ್ಟು, ತಾನು ಸುರಿದ ಚೀಲಗಳ ವಿಷಯವನ್ನೆಲ್ಲ ಹೇಳಿ ಗೊಳೋ ಎಂದ. ಉಳಿದವರೂ ತಮ್ಮ ತಮ್ಮ ಉಪ್ಪನ್ನು ಒಪ್ಪಿಕೊಂಡರು. ಏಕಾಂತಪ್ಪ ಕೇಳುತ್ತಾ ಕೇಳುತ್ತಾ ಕಲ್ಲಾದ. ತಾನು ಹುಡುಕಿ ಹುಡುಕಿ ಹೊಗಳಿದ್ದು ಬಾವಿಗಳನ್ನಲ್ಲ, ಉಪ್ಪನ್ನು.

ಬಾಗಿಲಲ್ಲಿ ನಿಂತಿದ್ದ ನಿಂಗಕ್ಕ ಇಷ್ಟು ದಿನದಲ್ಲಿ ಮೊದಲ ಸಲ ಮೀನಿನ ಬಗ್ಗೆ ಬೀದಿಯಲ್ಲಿ ಮಾತಾಡಿದಳು.

"ರೀ, ನಿಮ್ಗೆ ಬೇಕಾಗಿದ್ದು ಉಪ್ಪಾ? ಒಂದ್ ಮಾತು ಕೇಳಿದ್ರೆ ಅಡಿಗೆ ಮನೆಯಿಂದ ನಾನೇ ಒಂದ್ ಹಿಡಿ ಹಾಕ್ಕೊಡ್ತಿರ್ಲಿಲ್ವಾ?"

ನಾಗರಾಜಪ್ಪ ಈ ಗದ್ದಲದಲ್ಲಿ ಮುಖ ಒರೆಸಿಕೊಂಡು ಎದ್ದಿದ್ದ. ಪಣ ಪಣವೇ, ಸೋತದ್ದು ನಿಜ, ನಿಮ್ಮ ಬೀದಿಗೆ ಸಿಹಿ ನೀರು ಬಂದ ದಿನ ಬಂದು ಬೋಳಿಸಿಕೊಳ್ಳುತ್ತೇನೆ ಎಂದು ಎಲ್ಲರ ಮುಂದೆ ಮಾತು ಕೊಟ್ಟ. ಹಬ್ಬದ ಒಬ್ಬಟ್ಟಿಗೂ ನಿಲ್ಲದೆ ಸಂಜೆಯ ಬಸ್ಸಿಗೆ ಹೊರಟುಹೋದ.

ಮಳೆಗಾಲ ಮುಗಿಯುವ ಹೊತ್ತಿಗೆ ನಲ್ಲಿ ಬಂತು. ಮೂಡಲಗಿರಿಯಪ್ಪನ ಬಾವಿ ಇನ್ನೂ ಸುಧಾರಿಸಿಕೊಳ್ಳುತ್ತಿದ್ದುದರಿಂದ ಮೊದಲ ಕೊಡ ಅವನಿಗೇ ಬಿಟ್ಟುಕೊಟ್ಟರು. ಆ ನೀರಿನಲ್ಲಿ ಸೋಪು ಹಚ್ಚಿದರೆ ಮೊಣಕೈವರೆಗೆ ನೊರೆ. ನಿಂಗಕ್ಕ ವಾರಕ್ಕೊಮ್ಮೆ ಆ ಸಿಹಿ ನೀರಿಗೆ ತಾನೇ ಉಪ್ಪು ಹಾಕಿ, ಕೆಂಪು ಗೀಟು ನೋಡಿ, ಮೀನಿನ ಪೆಟ್ಟಿಗೆಗೆ ಸುರಿಯುತ್ತಾಳೆ. ಮೀನು ಈಗ ಜಗಲಿಯಲ್ಲಿಲ್ಲ, ನಡುಮನೆಯಲ್ಲಿದೆ.

ಏಕಾಂತಪ್ಪ ಕಾರವಾರದ ಕಡೆ ಹೋಗುವ ಪ್ರತಿ ಬಸ್ಸಿನ ಕಂಡಕ್ಟರ ಕೈಲೂ ಭಾವಮೈದನಿಗೆ ಹೇಳಿ ಕಳಿಸಿದ. ನಲ್ಲಿ ಬಂದಿದೆ, ಸೋಪು ತಂದಿಟ್ಟಿದೆ, ಅಕ್ಕ ದಾರಿ ನೋಡುತ್ತಿದ್ದಾಳೆ ಎಂದೆಲ್ಲ ಹೇಳಿಸಿದ. ಬಹಳ ದಿನದ ಮೇಲೆ ಅತ್ತಲಿಂದ ಒಂದೇ ಮಾತಿನ ಉತ್ತರ ಬಂತು. "ನಿಮ್ಮೂರ ನೀರು ನಂಗೆ ಒಗ್ಗಲ್ಲ ಭಾವ."

ಹೀಗೆ ಕಾರವಾರದಿಂದ ಬಂದ ಇಬ್ಬರಲ್ಲಿ ಹೊಳಲ್ಕೆರೆಯ ನೀರು ಒಗ್ಗಿದ್ದು ಮೀನಿಗೆ ಮಾತ್ರ.